ವೃತ್ತವೂ ಚೌಕವೂ



ಚನ್ನಗಿರಿಯಲ್ಲಿ ವಿದ್ಯಾರ್ಥಿಗಳು ಸಜ್ಜುಗೊಳಿಸಿದ ಈ ವಿಜ್ಞಾನ ಪ್ರದರ್ಶನದ ದೀಪ ಬೆಳಗುವ ಮುನ್ನವೇ ಒಳಗನ್ನೊಮ್ಮೆ ಸುತ್ತಿಬಂದುದಕ್ಕೆ ತಾವು ಕ್ಷಮಿಸಬೇಕು. ಅಲ್ಲೊಂದು ಮೇಜಿನ ಮೇಲೆ ಪರಂಗಿಯ ಎರಡು ಬಗೆಯ ಹೂಗಳನ್ನು ಅಕ್ಕಪಕ್ಕದಲ್ಲಿ ಇರಿಸಿದ್ದಾರೆ: ಒಂದು, ಉದ್ದನೆಯ ಜೋಲುಕಡ್ಡಿಯ ತುಂಬ ಸಣ್ಣಹೂಗಳ ಗೊಂಚಲು, ಇನ್ನೊಂದು, ಕಾಂಡಕ್ಕೆ ಅಂಟಿಕೊಂಡೇ ಬಿಡುವ ದಪ್ಪ ಹೂವು, ಅದರ ಬುಡದಲ್ಲಿ ಆಗಲೇ ಮೂಡಿದ ಕಾಯಿಯ ಆಕಾರ. ನಮ್ಮ ತೋಟಗಳ ಅಡಿಕೆಯಲ್ಲಿ ಒಂದೇ ಹಿಂಗಾರದೊಳಗೆ ಗಂಡುಹೂವೂ ಹೆಣ್ಣುಹೂವೂ ಕೂಡಿರುತ್ತವೆ. ಪರಂಗಿಯಲ್ಲಾದರೋ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ; ಹೂ ಕಾಣುವವರೆಗೆ ಕಾದು, ಗಂಡುಗಿಡಗಳಲ್ಲಿ ಒಂದೆರಡನ್ನು ಉಳಿಸಿ ಮಿಕ್ಕವನ್ನು ಕೀಳಬೇಕಾಗುತ್ತದೆ. ಆ ಭೇದವನ್ನು ನಿರ್ಣಯಿಸುವುದು, ಮನುಷ್ಯರಲ್ಲಿರುವಂತೆಯೇ, ಒಂದು ಜೊತೆ ವರ್ಣತಂತುಗಳು.

ಈ ರಹಸ್ಯದ ಬಾಗಿಲನ್ನು ತೆರೆದವರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ವಿದುಷಿ ಮುಖ್ಯರು. ಹಿಟ್ಟಿನಲ್ಲಿ ಬೆಳೆಯುವ ಒಂದು ಹುಳುವಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಹೆಣ್ಣಿನಲ್ಲಿ 20 ದೊಡ್ಡ ವರ್ಣತಂತುಗಳೂ ಗಂಡಿನಲ್ಲಿ 19 ದೊಡ್ಡವೂ ಒಂದು ಚಿಕ್ಕದೂ ಇರುವುವೆಂದು 1905ರಲ್ಲಿ ಅವರು ತೋರಿಸಿಕೊಟ್ಟರು. ಮನುಷ್ಯನ 23 ಜೊತೆಗಳಲ್ಲಿ ಕಡೆಯದು ಸ್ತ್ರೀಗೆ ಎರಡು ಎಕ್ಸ್, ಪುರುಷನಿಗೆ ಒಂದು ಎಕ್ಸ್, ಒಂದು ವೈ. ತಾಯಿ ಕೊಡಬಲ್ಲದ್ದು ಎಕ್ಸ್ ಮಾತ್ರ. ಕೂಸು ಗಂಡಾಗುವುದೂ ಹೆಣ್ಣಾಗುವುದೂ ತಂದೆಯಿಂದ ಬಂದ ಎಳೆಯನ್ನು ಅವಲಂಬಿಸಿದೆ, ಆದರೆ ಅದೂ ಅವನ ಇಚ್ಛೆಯಂತೆ ನಡೆಯುವುದಲ್ಲ. ಹೀಗಿದ್ದೂ ಹೆಣ್ಣು ಹೆತ್ತಳೆಂದು ಸೊಸೆಯ ಕಣ್ಣಲ್ಲಿ ನೀರು ತರಿಸಿದ ಮನೆಗಳನ್ನು ನಾನು ಬಲ್ಲೆನು. ಅದನ್ನು ನೆನೆದಾಗ ಇಂದಿಗೂ ನನ್ನ ಮನಸ್ಸು ಕುದಿಯುತ್ತದೆ.

ಆದರೆ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು, ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಬರೆದ ಕುಸುಮರೋಗದ ವಂಶವೃಕ್ಷ. ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ, ರೋಗವುಳ್ಳವರಿಗೆ ಕಪ್ಪು ಬಣ್ಣ. ಹಿಮೋಫಿಲಿಯಾ ಎಂದು ವೈದ್ಯರು ಕರೆಯುವ ಈ ವ್ಯಾಧಿಯಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಒಂದು ಅಂಶದ ಕೊರತೆಯಿರುತ್ತದೆ. ಅದರ ವಂಶವಾಹಿ ಇರುವುದು ಎಕ್ಸ್‌ನಲ್ಲಿ. ಒಂದು ಎಕ್ಸ್ ಕೆಟ್ಟರೂ ಸ್ತ್ರೀಯನ್ನು ಇನ್ನೊಂದು ಸಾಮಾನ್ಯವಾಗಿ ಕಾಯುತ್ತದೆ; ಪುರುಷನಿಗೆ ಆ ಆಸರೆಯಿಲ್ಲ. ಅಂಬೆಗಾಲಿಡುವ ಮಗುವಿನ ಮಂಡಿ ಏಕಾಏಕಿ ಊದಿಕೊಂಡಾಗ, ಉಳುಕಿರಬಹುದೆಂದು ಎಣ್ಣೆ ಹಚ್ಚಿ ತಿಕ್ಕುವ ಅಜ್ಜಿಗೆ, ಕೀಲಿನೊಳಗೆ ರಕ್ತ ಸೋರುತ್ತಿರುವುದೂ, ತಿಕ್ಕಿದಷ್ಟೂ ಅದು ಹೆಚ್ಚುವುದೂ ಹೇಗೆ ತಿಳಿಯಬೇಕು?

ಇದು ದೂರದ ಮಾತಲ್ಲ. ನಮ್ಮ ದಾವಣಗೆರೆಯಲ್ಲಿಯೇ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಈ ಮಕ್ಕಳಿಗಾಗಿ ದುಡಿಯುತ್ತಿದೆ. ಅದರ ಬೆನ್ನೆಲುಬಾಗಿರುವ ಡಾ. ಸುರೇಶ್ ಹನಗವಾಡಿಯವರು ಸ್ವತಃ ಈ ವ್ಯಾಧಿಯೊಡನೆ ಬದುಕಿ, ಅದನ್ನೇ ಸೇವೆಯ ಮಾರ್ಗವಾಗಿಸಿಕೊಂಡವರು.

ಈ ರೋಗದ ವಿಷಯದಲ್ಲಿಯೂ ತಾಯಿಯನ್ನೇ ದೂರುವ ಬಾಯಿಗಳಿವೆ. ರೋಗದ ಎಳೆಯನ್ನು ಹೊತ್ತ ತಾಯಿಯ ಪ್ರತಿಯೊಬ್ಬ ಮಗನಿಗೂ ಅದು ಬರುವ ಸಂಭವ ಅರ್ಧಕ್ಕರ್ಧ, ನಿಜ. ಆದರೆ ಆ ಎಳೆಯನ್ನು ಅವಳು ಬೇಡಿ ಪಡೆದವಳಲ್ಲ. ಸುಮಾರು ಮೂರರಲ್ಲೊಂದು ಪ್ರಸಂಗದಲ್ಲಿ ವಂಶದಲ್ಲಿ ಹಿಂದೆಲ್ಲಿಯೂ ರೋಗವಿರದೆ ಹೊಸದಾಗಿಯೇ ತಲೆದೋರುತ್ತದೆ. ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ನಮ್ಮಲ್ಲಿ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ರೂಢಿಯಿದೆಯಷ್ಟೆ. ರೋಗವಿರುವ ಮಾವನ ಅಕ್ಕ ಆ ಎಳೆಯನ್ನು ಹೊತ್ತಿರಬಹುದು, ಅವಳ ಮಗಳೂ ಹೊತ್ತಿರಬಹುದು. ಹಾಗಾದಲ್ಲಿ ಆ ದಂಪತಿಗಳಿಗೆ ಹುಟ್ಟುವ ಹೆಣ್ಣುಮಕ್ಕಳಿಗೂ, ಎರಡು ಎಕ್ಸ್‌ಗಳೂ ಕೆಟ್ಟವೇ ಆಗಿ, ರೋಗ ಬರುವ ಸಂಭವವುಂಟು. ಜಾತಕ ನೋಡಿಸುವಷ್ಟೇ ಶ್ರದ್ಧೆಯಿಂದ, ಅಂಥ ಮನೆಗಳವರು ಲಗ್ನ ನಿಶ್ಚಯಿಸುವ ಮೊದಲು ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆ ಪಡೆಯಲೆಂದು ನಾನು ಕೈಮುಗಿದು ಬೇಡುತ್ತೇನೆ.

ಆ ಬಾಲಿಕೆ ತಾನು ಬರೆದ ಪಟದಲ್ಲಿ ತಾಯಿಯ ವೃತ್ತವನ್ನು ಕಪ್ಪಾಗಿಸಿಲ್ಲ. ನಡುವೆ ಸಣ್ಣದೊಂದು ಚುಕ್ಕೆಯಿಟ್ಟಿದ್ದಾಳೆ. ಚುಕ್ಕೆಯೇಕೆಂದು ಕೇಳಿದೆ. “ಅವರಿಗೆ ರೋಗವಿಲ್ಲ ಸಾರ್, ಅವರಿಗೆ ಗೊತ್ತೂ ಇರಲಿಲ್ಲ” ಎಂದಳು. ತಾವೆಲ್ಲರೂ, ವಿಶೇಷವಾಗಿ ಅತ್ತೆಯಂದಿರೂ ಮಾವಂದಿರೂ, ಮೊದಲು ಆ ಪಟದ ಬಳಿಗೆ ಹೋಗಿ ಅವಳ ಬಾಯಿಂದಲೇ ವಿವರಣೆ ಕೇಳಬೇಕೆಂದು ಪ್ರಾರ್ಥಿಸಿ, ಈಗ ದೀಪ ಬೆಳಗುತ್ತೇನೆ.