ಎಂಜಿನ್ ಕೊಳ್ಳುವ ಮುಂಚೆ

ಕನ್ನಡ ಎಂ.ಎ. ಓದಿ ಮನೆ ನೋಡಿಕೊಂಡಿರುವ ಈ ಆಂಟಿ ಕಾರಿನ ಎಂಜಿನ್ ಬಗ್ಗೆ ಏನು ಹೇಳಿಯಾರು ಎಂದು ನಿಮ್ಮಲ್ಲಿ ಕೆಲವರು ನಗುತ್ತಿರಬಹುದು. ಎರಡು ವರ್ಷದ ಹಿಂದೆ ಕೇಳಿದ್ದರೆ ನಾನೂ ನಗುತ್ತಿದ್ದೆ. ಈಗ ನಮ್ಮ ಗ್ಯಾರೇಜಿನಲ್ಲಿ ಯಾವ ಪಾನ ಯಾವ ಡಬ್ಬಿಯಲ್ಲಿದೆ ಎಂದು ನನ್ನನ್ನೇ ಕೇಳುತ್ತಾರೆ.

ನನ್ನ ಮಗನ ಬಳಿ 1994ರ ಹೋಂಡಾ ಸಿವಿಕ್ ಡಿಎಕ್ಸ್ ಇದೆ. ಅದರ ಮೂಲ ಎಂಜಿನ್ 102 ಅಶ್ವಶಕ್ತಿಯದು. ಅದನ್ನು ತೆಗೆದು 2002ರಿಂದ 2004ರವರೆಗಿನ ಆಕ್ಯುರಾ ಆರ್‌ಎಸ್‌ಎಕ್ಸ್ ಟೈಪ್-ಎಸ್ ಕಾರಿನ ಕೆ20ಎ2 ಎಂಜಿನ್ ಕೂರಿಸಬೇಕು ಎನ್ನುವುದು ಅವನ ಆಸೆ. ಅದು 200 ಅಶ್ವಶಕ್ತಿಯದು. ಹುಡುಗನಿಗೆ ಹತ್ತೊಂಬತ್ತು ವರ್ಷ, ಬೇಸಿಗೆಯೆಲ್ಲ ದುಡಿದ ದುಡ್ಡು ಕೈಯಲ್ಲಿತ್ತು. ನಮ್ಮ ಮನೆಯವರು "ಬೇಡ" ಎಂದರು. ನಾನು "ಮಾಡಲಿ ಬಿಡಿ" ಎಂದೆ. ಮುಂದೆ ಆದದ್ದಕ್ಕೆಲ್ಲ ಹಾಗಾಗಿ ನನ್ನ ಪಾಲೂ ಇದೆ.

ಮೊದಲ ತಪ್ಪು ಮೊದಲ ವಾರದಲ್ಲೇ ಆಯಿತು. ಜಪಾನಿನಿಂದ ಬಂದ ಹಳೆಯ ಎಂಜಿನ್ ಮಾರುವವನೊಬ್ಬ "ಇದೇ ಕುಟುಂಬದ ಎಂಜಿನ್, ಕ್ಯಾಲಿಫೋರ್ನಿಯಾದಲ್ಲಿ ಆರಾಮಾಗಿ ನಡೆಯುತ್ತೆ" ಎಂದ. ಮಗ 2,100 ಡಾಲರ್ ಕೊಟ್ಟು ತಂದ. ಸಂಜೆ ನಾನು ಕಾಫಿ ಹಿಡಿದು ಹೋಗಿ "ಇದನ್ನ ಹಾಕಿದ ಮೇಲೆ ರಿಜಿಸ್ಟ್ರೇಷನ್ ಹೇಗೋ?" ಅಂದೆ. "ಆಮೇಲೆ ನೋಡ್ಕೋಬಹುದಮ್ಮಾ" ಅಂದ. ಆಮೇಲೆ ನೋಡಿಕೊಳ್ಳುವ ವಿಷಯ ಅದಲ್ಲ.

ನಾವಿರುವ ಕ್ಯಾಲಿಫೋರ್ನಿಯಾದ ನಿಯಮ ಹೇಳುತ್ತೇನೆ. ಇಲ್ಲಿ 1976ರ ಮತ್ತು ಅದಕ್ಕಿಂತ ಹೊಸ ಪೆಟ್ರೋಲ್ ಕಾರುಗಳು, ತೀರ ಹೊಸವನ್ನು ಬಿಟ್ಟರೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಪರೀಕ್ಷೆಗೆ ಹೋಗಬೇಕು. ಅದರಲ್ಲಿ ಪಾಸಾಗದಿದ್ದರೆ ಡಿಎಂವಿಯಲ್ಲಿ ನೋಂದಣಿ ನವೀಕರಣವಿಲ್ಲ. ಎಂಜಿನ್ ಬದಲಾದ ಕಾರನ್ನು ಬೀದಿ ಕೊನೆಯ ಸ್ಮಾಗ್ ಅಂಗಡಿಗೆ ಒಯ್ದರೆ ಸಾಲದು. ರಾಜ್ಯದ ರೆಫರಿ ಎನ್ನುವವರ ಹತ್ತಿರ ಸಮಯ ಗೊತ್ತುಮಾಡಿಕೊಂಡು ತೋರಿಸಬೇಕು. ಎಷ್ಟೋ ಊರುಗಳಲ್ಲಿ ಅವರು ಕೂರುವುದು ಕಮ್ಯುನಿಟಿ ಕಾಲೇಜಿನ ಆಟೋ ವಿಭಾಗದಲ್ಲಿ. ಅವರು ನೋಡುವುದು ಇಷ್ಟು: ಎಂಜಿನ್ ನಿಮ್ಮ ಕಾರಿನ ವರ್ಷದ್ದೇ ಆಗಿರಬೇಕು, ಇಲ್ಲವೇ ಅದಕ್ಕಿಂತ ಹೊಸದಾಗಿರಬೇಕು. ಕಾರಿನ ವರ್ಗಕ್ಕೆ ಹೊಂದಬೇಕು, ಭಾರೀ ಟ್ರಕ್ಕಿನ ಎಂಜಿನ್ ತಂದು ಪುಟ್ಟ ಕಾರಿಗೆ ಹಾಕುವಂತಿಲ್ಲ. ಇಲ್ಲಿನ ಹೊಗೆ ನಿಯಮಕ್ಕೆ ಪ್ರಮಾಣಿತವಾಗಿರಬೇಕು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಆ ಎಂಜಿನ್ ಹುಟ್ಟಿದ ಕಾರಿನಲ್ಲಿ ಹೊಗೆ ತಡೆಯಲು ಏನೇನಿತ್ತೋ ಅಷ್ಟೂ ನಿಮ್ಮ ಕಾರಿಗೆ ಬಂದಿರಬೇಕು, ಬಂದು ಕೆಲಸ ಮಾಡುತ್ತಿರಬೇಕು. ಕ್ಯಾಟಲಿಟಿಕ್ ಕನ್ವರ್ಟರ್, ಅದರ ಹಿಂದುಮುಂದಿನ ಆಕ್ಸಿಜನ್ ಸೆನ್ಸರ್‌ಗಳು, ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿ, ಟ್ಯಾಂಕಿನ ಒತ್ತಡ ಅಳೆಯುವ ಸೆನ್ಸರ್, ಎಲ್ಲ. ಹೊರಗಿನ ಕಂಪನಿಯ ಭಾಗ ಹಾಕಿ ಮೂಲ ವ್ಯವಸ್ಥೆ ಬದಲಿಸಿದರೆ ಆ ಭಾಗಕ್ಕೆ ರಾಜ್ಯದ ಅನುಮೋದನೆ ಸಂಖ್ಯೆ ಇರಬೇಕು.

ಅಂದರೆ ನೀವು ಎಂಜಿನ್ ಬದಲಿಸುತ್ತಿಲ್ಲ. ಇನ್ನೊಂದು ಕಾರಿನ ಅರ್ಧ ಸಂಸಾರವನ್ನೇ ನಿಮ್ಮ ಕಾರಿಗೆ ತಂದು ಇಳಿಸುತ್ತಿದ್ದೀರಿ.

ಮಗ ತಂದ ಎಂಜಿನ್ನಿಗೆ ಇಲ್ಲಿನ ಪ್ರಮಾಣವಿರಲಿಲ್ಲ, ಜೊತೆಗೆ ಒಂದೂ ಸೆನ್ಸರ್ ಬಂದಿರಲಿಲ್ಲ. 1,300 ಡಾಲರಿಗೆ ಮಾರಿದ. ಎರಡು ದಿನ ನಮ್ಮ ಜೊತೆ ಕೂತು ಊಟ ಮಾಡಲಿಲ್ಲ. ಅವನಪ್ಪ "ನಾನು ಹೇಳಿರಲಿಲ್ವಾ" ಎನ್ನಲು ಬಾಯಿ ತೆರೆದಾಗ ನಾನು ಹುಳಿ ಬಡಿಸಿ ಮಾತು ತಪ್ಪಿಸಿದೆ.

ಎರಡನೆಯ ಸಲ ಹಿಂದೆ ಗುದ್ದಿಸಿಕೊಂಡ 2003ರ ಒಂದು ಟೈಪ್-ಎಸ್ ಕಾರನ್ನು ಇಡಿಯಾಗಿ ಕೊಂಡ. ಬರೀ ಎಂಜಿನ್ನಿಗಿಂತ ದುಬಾರಿ, ಆದರೆ ಒಂದು ಬೋಲ್ಟ್ ಕಾಣದಿದ್ದರೂ ಹೋಗಿ ನೋಡಲು ಮೂಲ ಕಣ್ಣೆದುರೇ ಇರುತ್ತದೆ. ಇನ್ನೊಂದು ಲಾಭ ನಮಗೆ ತಡವಾಗಿ ತಿಳಿಯಿತು. ಆ ಕಾರಿನ ಕೀಲಿಯಲ್ಲಿ ಒಂದು ಚಿಪ್ ಇದೆ. ಕೀಲಿ, ಕೀಲಿಯನ್ನು ಗುರುತಿಸುವ ಪೆಟ್ಟಿಗೆ, ಎಂಜಿನ್ ಕಂಪ್ಯೂಟರ್, ಮೂರೂ ಒಂದೇ ಜೊತೆಯವಾಗಿರದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಕಬ್ಬಿಣದ ಕೆಲಸ ನಾನು ವಿವರಿಸುವುದಿಲ್ಲ, ನಿಮಗೇ ಚೆನ್ನಾಗಿ ಗೊತ್ತು. ಕೆ ಕುಟುಂಬದ ಎಂಜಿನ್ ಹಳೆಯ ಸಿವಿಕ್ ಎಂಜಿನ್ನಿಗೆ ತಿರುಗುಮುರುಗಾಗಿ ಕೂರುತ್ತದೆ, ಗೇರ್ ಬಾಕ್ಸ್ ಎಡಕ್ಕೆ ಬರುತ್ತದೆ, ಗೇರಿಗೆ ಸರಳಿನ ಬದಲು ಕೇಬಲ್. ಆದ್ದರಿಂದ ಮೌಂಟು, ಡ್ರೈವ್ ಶಾಫ್ಟು ಎಲ್ಲ ಬೇರೆ. ಬ್ರೇಕನ್ನೂ ದೊಡ್ಡದು ಮಾಡಿಸಿದ್ದೇವೆ, ಅದು ತಾಯಿಯ ಷರತ್ತು. ಇನ್ಶೂರೆನ್ಸಿನವರಿಗೂ ತಿಳಿಸಿದೆವು.

ವೈರಿಂಗ್ ಮಾತ್ರ ಬೇರೆಯೇ ಕತೆ. ಅರ್ಧಕ್ಕೆ ನಿಂತ ಕಾರುಗಳಲ್ಲಿ ಬಹಳಷ್ಟು ನಿಂತಿರುವುದು ಇಲ್ಲೇ ಎಂದು ಮಗನ ಗೆಳೆಯರ ಗ್ಯಾರೇಜುಗಳನ್ನು ನೋಡಿ ಹೇಳುತ್ತಿದ್ದೇನೆ. ಎರಡು ಕಾರಿನ ಎರಡು ತಂತಿಜಾಲ ನಮ್ಮ ನೆಲದ ಮೇಲೆ ಬಿದ್ದಿದ್ದವು. ಎರಡನ್ನೂ ಸೇರಿಸುವ ಸಿದ್ಧ ಹಾರ್ನೆಸ್ ಅಂಗಡಿಯಲ್ಲಿ ಸಿಗುತ್ತದೆ, ತಂದೆವು. ಆದರೂ ಹಳೆಯ ಕಾರಿನಲ್ಲಿ ಇಲ್ಲವೇ ಇಲ್ಲದ ಕೆಲವು ತಂತಿಗಳನ್ನು ಹೊಸದಾಗಿ ಎಳೆಯಲೇಬೇಕು. ಓಬಿಡಿ-2 ಎನ್ನುವ ವ್ಯವಸ್ಥೆ ಕಡ್ಡಾಯವಾದದ್ದು 1996ರಿಂದ. 94ರ ಸಿವಿಕ್ಕಿನಲ್ಲಿ ಅದರ 16 ಪಿನ್ನಿನ ಕಿಂಡಿಯೂ ಇರಲಿಲ್ಲ, ಹಿಂಬದಿ ಟ್ಯಾಂಕಿಗೆ ಒತ್ತಡದ ಸೆನ್ಸರ್ ಕೂಡ ಇರಲಿಲ್ಲ.

ಚೀಟಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಕಂಪ್ಯೂಟರಿನ ಪ್ಲಗ್ಗುಗಳ ಹೆಸರು ಎ, ಬಿ, ಡಿ. ಹೊಸದರವು ಎ, ಬಿ, ಇ. ಎರಡರಲ್ಲೂ ಎ, ಬಿ ಇದ್ದರೆ ಗೊಂದಲವಾಗದೆ ಇರುತ್ತದೆಯೇ? ಹೊಸದಾಗಿ ಎಳೆದ ತಂತಿಗಳಿಗೆ ಕನ್ನಡ ಅಕ್ಷರ ಹಾಕೋಣ ಎಂದೆ. ಮಗನಿಗೂ ಅದು ಸರಿ ಕಂಡಿತು. ಅ, ಆ, ಇ ಎಂದು ಬರೆದು ಎರಡೂ ತುದಿಗೆ ಕಟ್ಟಿದೆ, ಯಾವುದು ಎಲ್ಲಿಂದ ಎಲ್ಲಿಗೆ ಎಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟೆ.

ಮೊದಲ ದಿನ ಸ್ಟಾರ್ಟರ್ "ಟಕ್" ಎಂದು ಸುಮ್ಮನಾಯಿತು. ಎಂಜಿನ್ನಿನಿಂದ ಬಾಡಿಗೆ ಹೋಗುವ ದಪ್ಪ ಗ್ರೌಂಡ್ ಪಟ್ಟಿ ಹಾಕುವುದೇ ಮರೆತಿತ್ತು. ಹಾಕಿದ ಮೇಲೆ ಎಂಜಿನ್ ಓಡಿತು, ಆದರೆ ಚೆಕ್ ಎಂಜಿನ್ ದೀಪ ಹತ್ತಿ ಕೂತಿತು. ಅದು ಹತ್ತಿದ್ದರೆ ರೆಫರಿ ಹತ್ತಿರ ಹೋಗುವುದೇ ದಂಡ. ಬಲ್ಬ್ ಕಿತ್ತು ಬಚ್ಚಿಡುವ ಹಾಗೂ ಇಲ್ಲ, ಕೀಲಿ ತಿರುಗಿಸಿದಾಗ ಅದು ಹತ್ತುತ್ತದೆಯೇ ಎಂದೂ ನೋಡುತ್ತಾರೆ. ಕೋಡ್ ರೀಡರ್ ಹಾಕಿದರೆ ಟ್ಯಾಂಕಿನ ಒತ್ತಡದ ಸೆನ್ಸರ್ ಎಂದಿತು. ಗೊತ್ತುಮಾಡಿದ್ದ ದಿನವನ್ನು ಮುಂದೂಡಿದೆವು. ನಾಲ್ಕು ಸಂಜೆ ಮಲ್ಟಿಮೀಟರ್ ಹಿಡಿದು ಹುಡುಕಿದ. ಆ ಸೆನ್ಸರಿಗೆ ಮೂರು ತಂತಿ: ಒಂದು 5 ವೋಲ್ಟಿನದು, ಒಂದು ಗ್ರೌಂಡ್, ಒಂದು ಸಿಗ್ನಲ್. ಗ್ರೌಂಡಿಗೆ ನಾನು ಉ ಎಂದು, ಸಿಗ್ನಲ್ಲಿಗೆ ಊ ಎಂದು ಕಟ್ಟಿದ್ದೆ. ಮಗ ಎರಡನ್ನೂ ಒಂದೇ ಅಕ್ಷರ ಎಂದುಕೊಂಡು ಅದಲುಬದಲು ಮಾಡಿದ್ದ. ಐದನೇ ವಯಸ್ಸಿನಲ್ಲಿ ಭಾನುವಾರದ ಕನ್ನಡ ತರಗತಿಗೆ ಅತ್ತುಕೊಂಡು ಹೋಗುತ್ತಿದ್ದವನು, ಅಂದು ಕಾರಿನ ಕೆಳಗೆ ಮಲಗಿಕೊಂಡು "ಅಮ್ಮಾ, ಇದು ಚಿಕ್ಕ ಉ ನಾ, ದೊಡ್ಡ ಊ ನಾ?" ಎಂದು ಕೂಗಿದ. ತಪ್ಪು ನನ್ನದೂ ಹೌದು. ಒಂದನ್ನೊಂದು ಹೋಲುವ ಅಕ್ಷರ ಪಕ್ಕಪಕ್ಕದ ತಂತಿಗೆ ಕಟ್ಟಬಾರದಿತ್ತು.

ಸರಿಪಡಿಸಿ ಕೋಡ್ ಅಳಿಸಿದ ಕೂಡಲೇ ಓಡಬೇಡಿ. ಅಳಿಸಿದಾಗ ಕಂಪ್ಯೂಟರಿನ ಸ್ವಪರೀಕ್ಷೆಗಳೂ ಅಳಿಸಿಹೋಗುತ್ತವೆ, ಬ್ಯಾಟರಿ ಕಳಚಿದರೂ ಅಷ್ಟೆ. ಅವು ಮತ್ತೆ ಪೂರ್ತಿಯಾಗುವವರೆಗೆ ಒಂದಷ್ಟು ದಿನ ಓಡಿಸಬೇಕು. ಕಾರು ತಿಂಗಳುಗಟ್ಟಲೆ ನಿಲ್ಲುತ್ತದೆ ಎಂದಾದರೆ ಡಿಎಂವಿಗೆ ಓಡಿಸುವುದಿಲ್ಲ ಎಂದು ಮೊದಲೇ ಬರೆದುಕೊಡುವ ಅವಕಾಶವಿದೆ, ಶುಲ್ಕ ಬಹಳ ಕಡಿಮೆಯಾಗುತ್ತದೆ. ಆದರೆ ಆಮೇಲೆ ಆ ಕಾರನ್ನು ಬೀದಿಯಲ್ಲಿ ನಿಲ್ಲಿಸುವಂತೆಯೂ ಇಲ್ಲ.

ಬೇರೆ ದೇಶದಲ್ಲಿ ಕೇಳುತ್ತಿರುವವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ ವಿ5ಸಿ ಪುಸ್ತಕದಲ್ಲೇ ಎಂಜಿನ್ ಸಂಖ್ಯೆ ಇರುತ್ತದೆ, ಬದಲಿಸಿದರೆ ಡಿವಿಎಲ್ಎಗೆ ತಿಳಿಸಬೇಕು. ಜರ್ಮನಿಯಲ್ಲಿ ಟ್ಯೂಫ್‌ನಂಥ ಸಂಸ್ಥೆಯ ತಪಾಸಣೆ ಆಗಿ ಕಾಗದಪತ್ರದಲ್ಲಿ ನಮೂದಾಗಬೇಕು. ನಮ್ಮೂರಲ್ಲೂ ಇದು ಹೊಸದಲ್ಲ. ಸಕಲೇಶಪುರದ ಕಡೆ ಕಾಫಿ ತೋಟದ ಎಷ್ಟೋ ಹಳೆಯ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ನಮ್ಮ ಸೋದರಮಾವನದೂ ಅಂಥದ್ದೇ ಒಂದು. ಆರ್‌ಸಿ ಪುಸ್ತಕದಲ್ಲಿ ಎಂಜಿನ್ ನಂಬರು, ಇಂಧನ ಎರಡೂ ಬರೆದಿರುವುದರಿಂದ ಆರ್‌ಟಿಓ ಆಫೀಸಿಗೆ ಅಲೆದು ತಿದ್ದಿಸಿಕೊಂಡಿದ್ದರು. ಫೋನಿನಲ್ಲಿ ಮಗನ ಕತೆ ಹೇಳಿದರೆ ಮಾವ ಕೇಳಿದ್ದು ಒಂದೇ: "ಕಾಗದ ಸರಿ ಇದೆಯೇನಮ್ಮ?"

ಮೂರು ವಾರ ಬಿಟ್ಟು ರೆಫರಿ ಹತ್ತಿರ ಹೋದೆವು. ಟೈಪ್-ಎಸ್ ಕಾರಿನ ಹೊಗೆ ಚೀಟಿಯ ಫೋಟೋ, ಬಿಲ್ಲುಗಳು, ನನ್ನ ನೋಟ್ ಪುಸ್ತಕ ಎಲ್ಲ ಹಿಡಿದಿದ್ದೆವು. ಆತ ಬಾನೆಟ್ಟಿನಡಿ ಬಹಳ ಹೊತ್ತು ನೋಡಿದರು, ಕಾರನ್ನು ಮೇಲೆತ್ತಿ ಇದ್ದಿಲಿನ ಡಬ್ಬಿಯವರೆಗೂ ಟಾರ್ಚ್ ಬಿಟ್ಟರು. ಉ, ಊ ಚೀಟಿ ಕಂಡು ಇದೇನು ಭಾಷೆ ಎಂದು ಕೇಳಿದರು. "ಕನ್ನಡ" ಎಂದು ಮಗ ಹೇಳಿದ. ಎಂಜಿನ್ನಿನ ವಿವರವಿರುವ ಲೇಬಲ್ ಅಂಟಿಸಿ ಸರ್ಟಿಫಿಕೇಟ್ ಕೊಟ್ಟರು. ಇನ್ನು ಮುಂದೆ ಮಾಮೂಲಿ ಸ್ಮಾಗ್ ಅಂಗಡಿಯವರು ಆ ಲೇಬಲ್ ನೋಡಿಯೇ ಪರೀಕ್ಷೆ ಮಾಡುತ್ತಾರೆ.

ಮನೆಗೆ ಬರುವಾಗ ಅವನೇ ಓಡಿಸಿದ, ನಾನು ಪಕ್ಕದಲ್ಲಿ ಕೂತಿದ್ದೆ. ಫ್ರೀವೇಯಲ್ಲಿ ಅರವತ್ತೈದು ದಾಟಲು ಬಿಡಲಿಲ್ಲ.