ಚೀಟಿಯಲ್ಲಿ ಉಳಿದುಹೋದ ಹೆಸರು



ವರದಕ್ಷಿಣೆ ಮತ್ತು ಮನೆಯೊಳಗಿನ ದೌರ್ಜನ್ಯದ ಬಗ್ಗೆ ಮಾತನಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಸೊಸೈಟಿ ಅಕ್ಕಿಯ ಬಗ್ಗೆ ಮಾತನಾಡುತ್ತೇನೆ. ಮೇಡಂ ವಿಷಯ ಬಿಟ್ಟು ಎಲ್ಲಿಗೋ ಹೋದರು ಎಂದುಕೊಳ್ಳಬೇಡಿ. ಎರಡೂ ಒಂದೇ ವಿಷಯ ಎಂದು ನನಗೆ ತಿಳಿದದ್ದು ತಡವಾಗಿ, ನಿವೃತ್ತಿಯಾದ ಮೇಲೆ. ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಸಾರ್ವಜನಿಕ ವಿತರಣಾ ವ್ಯವಸ್ಥೆ ಎಂಬ ಪಾಠ ಪ್ರತಿವರ್ಷ ಬರುತ್ತಿತ್ತು. ಅದರ ಗುಣಗಳು, ಅದರ ದೋಷಗಳು, ಹತ್ತು ಅಂಕದ ಪ್ರಶ್ನೆ. ಗಂಡನ ಮನೆ ಬಿಟ್ಟ ಹೆಣ್ಣಿನ ಹೆಸರು ಒಂದು ಚೀಟಿಯಿಂದ ಇನ್ನೊಂದು ಚೀಟಿಗೆ ಹೇಗೆ ಹೋಗುತ್ತದೆ ಎಂಬುದು ನಾನು ಓದಿಸಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

2023ರ ಗೌರಿ ಹಬ್ಬದ ಸಮಯ. ನಮ್ಮ ಹಿಂದಿನ ಬೀದಿಯ ಹುಡುಗಿಯೊಬ್ಬಳು ಮೂರು ವರ್ಷದ ಮಗಳನ್ನು ಎತ್ತಿಕೊಂಡು ತವರಿಗೆ ಬಂದಳು. ಅವಳ ಹೆಸರು ಹೇಳುವುದಿಲ್ಲ, ಬೇಡವೆಂದಿದ್ದಾಳೆ. ಬಾಗಿನಕ್ಕೆ ಬಂದಿದ್ದಾಳೆ ಎಂದು ಬೀದಿಯವರು ತಿಳಿದರು. ಮಹಾಲಯ ಕಳೆಯಿತು, ಆಯುಧಪೂಜೆ ಕಳೆಯಿತು, ಇವಳು ಹೋಗಲಿಲ್ಲ. ದೀಪಾವಳಿ ಹೊತ್ತಿಗೆ ಎಲ್ಲರಿಗೂ ಅರ್ಥವಾಯಿತು. ಮದುವೆಯಲ್ಲಿ ಬೈಕು ಕೊಟ್ಟಿದ್ದರು, ಓಲೆ, ಸರ ಕೊಟ್ಟಿದ್ದರು. ಐದು ವರ್ಷದ ಮೇಲೆ, ಸೈಟು ಕೊಳ್ಳಬೇಕು, ನಿಮ್ಮಣ್ಣನ ಹತ್ತಿರ ಎರಡು ಲಕ್ಷ ಇಸಕೊಂಡು ಬಾ ಎಂದು ಶುರುವಾಯಿತು. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅವಳ ತಾಯಿ ಅವಳನ್ನು ನನ್ನ ಹತ್ತಿರ ಕರೆತಂದಳು. ಬೆನ್ನಿನ ಮೇಲಿನ ಬಾಸುಂಡೆ ನೋಡಿದ ಕೂಡಲೇ ನಾನು ಕಾನೂನು ಹೇಳತೊಡಗಿದೆ. ಪೊಲೀಸ್ ದೂರು, 498ಎ (2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ), 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಜೀವನಾಂಶ. ಅವಳು ಎಲ್ಲವನ್ನೂ ತಲೆ ಬಗ್ಗಿಸಿ ಕೇಳಿದಳು. ಕೊನೆಗೆ, "ಅದೆಲ್ಲ ಆಗಲಿ ಮೇಡಂ, ಮುಂದಿನ ತಿಂಗಳ ಅಕ್ಕಿ ಎಲ್ಲಿ ತಗೊಳ್ಳಲಿ?" ಎಂದಳು.

ನನಗೆ ಒಳಗೊಳಗೇ ಬೇಸರವಾಯಿತು. ಪ್ರಾಣಕ್ಕೇ ಬಂದಿರುವಾಗ ಇವಳು ಅಕ್ಕಿಯ ಮಾತಾಡುತ್ತಾಳಲ್ಲ ಅಂದುಕೊಂಡೆ. ಆ ಬೇಸರವನ್ನು ಇವತ್ತು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ. ಒಂದನೇ ತಾರೀಕಿಗೆ ಪಿಂಚಣಿ ಬರುವವಳ ಬೇಸರ ಅದು.

ತವರಿನಲ್ಲಿ ತಾಯಿ ಕೂಲಿ, ಅಣ್ಣ ಗಾರೆ ಕೆಲಸ, ಅತ್ತಿಗೆ, ಅವರ ಎರಡು ಮಕ್ಕಳು. ಐದು ಜನರ ಚೀಟಿಯಲ್ಲಿ ಏಳು ಜನ ಉಣ್ಣಬೇಕು. ಅತ್ತಿಗೆ ಕೆಟ್ಟವಳೇನಲ್ಲ. ಇಪ್ಪತ್ತನೇ ತಾರೀಕಿನ ಹೊತ್ತಿಗೆ ಅಕ್ಕಿ ಡಬ್ಬದ ತಳ ಕೆರೆಯುವ ಸದ್ದು ಸ್ವಲ್ಪ ಜೋರಾಗಿ ಬರುತ್ತಿತ್ತು, ಅಷ್ಟೇ. ಆ ಸದ್ದು ಕೇಳಿ ಇವಳು ಎರಡು ಸಲ ಬಟ್ಟೆ ಗಂಟು ಕಟ್ಟಿದಳು, ಹೊಡೆದ ಮನೆಗೇ ವಾಪಸು ಹೋಗಲು. ಹೊಡೆಯುವ ಗಂಡನ ಹತ್ತಿರ ಹೆಣ್ಣುಮಕ್ಕಳು ಯಾಕೆ ತಿರುಗಿ ಹೋಗುತ್ತಾರೆ ಎಂದು ನಾವು ವಿಚಾರಸಂಕಿರಣಗಳಲ್ಲಿ ಕೇಳುತ್ತೇವೆ. ಭಯ, ಮಾನ, ಮಕ್ಕಳು ಎಂದು ನಾವೇ ಉತ್ತರವನ್ನೂ ಕೊಡುತ್ತೇವೆ. ಡಬ್ಬದ ತಳದ ಸದ್ದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಇನ್ನು ಗಂಡನ ಮನೆಯ ಸಂಗತಿ. ಅಲ್ಲಿ ಪ್ರತಿ ತಿಂಗಳು ನ್ಯಾಯಬೆಲೆ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತಿದ್ದವಳು ಇವಳೇ. ಥಂಬ್ ಕೊಡುತ್ತಿದ್ದವಳು ಇವಳು, ಚೀಲ ಹೊತ್ತು ತರುತ್ತಿದ್ದವಳೂ ಇವಳು. ಮನೆಗೆ ಬಂದ ಮೇಲೆ ಚೀಲ ಅತ್ತೆಯ ಕೋಣೆಗೆ ಹೋಗುತ್ತಿತ್ತು, ಕೋಣೆಗೆ ಬೀಗ. ಎರಡನೇ ಸಲ ಅನ್ನ ಬಡಿಸಿಕೊಂಡರೆ, "ನಿಮ್ಮಪ್ಪ ಕಳಿಸಿದ್ದಾನೇನೇ ಅಕ್ಕಿ?" ಎಂಬ ಮಾತು. ಅವಳಪ್ಪ ಕಳಿಸಿರಲಿಲ್ಲ, ನಿಜ. ಆದರೆ ಆ ಚೀಲದಲ್ಲಿ ಅವಳ ಹೆಸರಿನ ಐದು ಕೆಜಿ ಇತ್ತು, ಅವಳ ಮಗುವಿನ ಹೆಸರಿನ ಐದು ಕೆಜಿ ಇತ್ತು. ಅದು ಅವಳಿಗೆ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ, ಅಂದರೆ ನಾವು ಬಿಪಿಎಲ್ ಎಂದು ಕರೆಯುವ ಚೀಟಿಯ, ಒಂದೊಂದು ತಲೆಗೂ ತಿಂಗಳಿಗೆ ಐದು ಕೆಜಿ ಧಾನ್ಯ ಎಂದು ಹೇಳಿದೆ. ಅಂತ್ಯೋದಯ ಚೀಟಿಯಾದರೆ ಮನೆಗೆ 35 ಕೆಜಿ. ಈ ಕಾಯ್ದೆಯ 13ನೇ ಕಲಂ ಪ್ರಕಾರ ಮನೆಯಲ್ಲಿ 18 ತುಂಬಿದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳೇ ಚೀಟಿಯ ಯಜಮಾನಿ. ಇದು ಬಂದಾಗ ನಾವೆಲ್ಲ ಸಂತೋಷಪಟ್ಟೆವು, ಪಡಬೇಕಾದ್ದೇ. ಆದರೆ ನಮ್ಮ ಕೂಡುಮನೆಗಳಲ್ಲಿ ಹಿರಿಯ ಹೆಂಗಸು ಅಂದರೆ ಅತ್ತೆ. ಗಂಡಸಿನ ಕೈಯಿಂದ ಹೆಂಗಸಿನ ಕೈಗೆ ಬಂದ ಚೀಟಿ ಸೊಸೆಯ ಕೈಗೆ ಬರಲಿಲ್ಲ. 2023ರ ಜುಲೈಯಿಂದ ರಾಜ್ಯ ಸರ್ಕಾರ ತಾನು ಕೊಡಬೇಕಿದ್ದ ಹೆಚ್ಚುವರಿ ಐದು ಕೆಜಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಕೊಡತೊಡಗಿತು. 2025ರಲ್ಲಿ ಅದನ್ನು ನಿಲ್ಲಿಸಿ ಅಕ್ಕಿಯನ್ನೇ ಕೊಟ್ಟಿತು. ಆ ಹಣ ಹೋಗುತ್ತಿದ್ದದ್ದು ಯಜಮಾನಿಯ ಖಾತೆಗೆ. ಗೃಹಲಕ್ಷ್ಮಿಯ ಎರಡು ಸಾವಿರವೂ ಚೀಟಿಯ ಯಜಮಾನಿಗೇ. ಹೀಗಿರುವಾಗ, ಮನೆ ಬಿಟ್ಟು ಹೋದ ಸೊಸೆಯ ಹೆಸರನ್ನು ಅತ್ತೆ ತಾನಾಗಿ ಯಾಕೆ ತೆಗೆಸುತ್ತಾಳೆ? ಸೊಸೆ ಬೇಡ, ಸೊಸೆಯ ಹೆಸರು ಇರಲಿ.

ಮೊದಲ ಅರ್ಜಿಯನ್ನು ತಾಯಿಯ ಚೀಟಿಗೆ ಹೆಸರು ಸೇರಿಸಲು ಹಾಕಿದೆವು. ಕಂಪ್ಯೂಟರು ಒಪ್ಪಲಿಲ್ಲ. ಆಧಾರ್ ಸಂಖ್ಯೆ ಆಗಲೇ ಇನ್ನೊಂದು ಚೀಟಿಯಲ್ಲಿದ್ದರೆ ಅದು ಒಪ್ಪುವುದಿಲ್ಲ. ಅಲ್ಲಿಂದ ತೆಗೆಸಿಕೊಂಡು ಬನ್ನಿ ಎಂದರು. ಎರಡನೇ ಸಲ ತೆಗೆಸಲು ಹೋದೆವು. ಚೀಟಿ ಸಂಖ್ಯೆ ಕೇಳಿದರು. ಅದು ಇವಳಿಗೆ ಗೊತ್ತಿಲ್ಲ, ಚೀಟಿ ಅತ್ತೆಯ ಪೆಟ್ಟಿಗೆಯಲ್ಲಿದೆ. ಮನೆಯ ಯಜಮಾನಿಯನ್ನು ಕರೆತನ್ನಿ ಎಂದರು. ಕರೆತರುವ ಹಾಗಿದ್ದರೆ ಇವಳು ಯಾಕೆ ಬರುತ್ತಿದ್ದಳು? ಕೊನೆಗೆ, "ಡೈವೋರ್ಸ್ ಪೇಪರ್ ತನ್ನಿ" ಎಂದರು.

ಈ ಮಾತನ್ನು ನಿಮ್ಮಲ್ಲಿ ಎಷ್ಟೋ ಜನ ಕೇಳಿರುತ್ತೀರಿ. ಆಹಾರ ಭದ್ರತಾ ಕಾಯ್ದೆಯನ್ನು ನಾನು ಮೊದಲಿನಿಂದ ಕೊನೆವರೆಗೆ ಓದಿದ್ದೇನೆ. ಅದರಲ್ಲಿ ವಿಚ್ಛೇದನದ ಮಾತೇ ಇಲ್ಲ. ಹಸಿವಿಗೆ ಡಿಕ್ರಿ ಬೇಕಿಲ್ಲ. ಆದರೆ ಆ ಗುಮಾಸ್ತರನ್ನು ಪೂರ್ತಿ ದೂರಲಾರೆ. ಎರಡು ಸಾವಿರ ಬರುತ್ತದೆಂದು ಒಂದೇ ಒಲೆಯ ಮನೆಯವರು ಎರಡು ಚೀಟಿ ಕೇಳಿಕೊಂಡು ಬಂದದ್ದು ಉಂಟು, ಇಲ್ಲವೆನ್ನಲಾರೆ. ಆ ಸುಳ್ಳುಗಳ ನಡುವೆ ಬೆನ್ನ ಮೇಲೆ ಬಾಸುಂಡೆ ಇರುವವಳೂ ಸುಳ್ಳುಗಾತಿಯ ಹಾಗೆ ನಿಲ್ಲಬೇಕಾಗುತ್ತದೆ.

ಚೀಟಿ ಸಂಖ್ಯೆಗಾಗಿ ಗಂಡನ ಊರಿನ ಸಂಘದ ಹೆಂಗಸರನ್ನು ಕೇಳಿದೆ. ಅತ್ತೆಯೂ ಅದೇ ಸಂಘದ ಸದಸ್ಯೆ. ಅವರಲ್ಲಿ ಮುಂದಾಳಾದವರು, ಅದು ಮನೆ ವಿಷಯ, ನಾವು ತಲೆ ಹಾಕುವುದಿಲ್ಲ ಅಂದುಬಿಟ್ಟರು. ಸಾಲದ ಕಂತು ತಪ್ಪಿದರೆ ಮನೆ ಬಾಗಿಲಿಗೆ ಹೋಗಿ ಕೂರುವ ಸಂಘ ಇದು! ಆಮೇಲೆ ಒಂದು ದಿನ ಅದೇ ಸಂಘದ ವಯಸ್ಸಾದ ಹೆಂಗಸೊಬ್ಬರು, ಸಂತೆಗೆ ಬಂದವರು, ನಮ್ಮ ಮನೆ ಬಾಗಿಲಲ್ಲಿ ನಿಂತು ಸೆರಗಿನ ಗಂಟಿನಿಂದ ಒಂದು ಕಾಗದದ ಚೂರು ತೆಗೆದುಕೊಟ್ಟರು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಕೊಟ್ಟಾಗ ಯಂತ್ರದಿಂದ ಬರುವ ರಸೀದಿ, ಆ ಮನೆಯದು, ಹಳೆಯದು. ಅದರಲ್ಲಿ ಚೀಟಿ ಸಂಖ್ಯೆ ಇತ್ತು. ಎಲ್ಲಿ ಸಿಕ್ಕಿತೆಂದು ನಾನು ಕೇಳಲಿಲ್ಲ. ನೀರು ಕೂಡ ಕುಡಿಯದೆ ಹೋದರು.

ಮೂರನೇ ಅರ್ಜಿಯನ್ನು ಬಾಯಿಮಾತಿನಲ್ಲಿ ಬಿಡಲಿಲ್ಲ. ಮೊದಲು ಸಿಡಿಪಿಒ ಕಚೇರಿಗೆ ಹೋದೆವು. ನಮ್ಮ ರಾಜ್ಯದಲ್ಲಿ ಮಕ್ಕಳ ಅಭಿವೃದ್ಧಿ ಯೋಜನಾಧಿಕಾರಿಯೇ ದೌರ್ಜನ್ಯ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿ. ಅಂಗನವಾಡಿ ಸಾಹೇಬರು ಎಂದು ನೀವು ತಿಳಿದಿರುವವರ ಕೈಯಲ್ಲಿ ಈ ಅಧಿಕಾರವೂ ಇದೆ. ಅಲ್ಲಿ ಕೌಟುಂಬಿಕ ಘಟನಾ ವರದಿ ಬರೆಸುವಾಗ ಹೊಡೆತದ ಜೊತೆಗೆ ಅಕ್ಕಿಯನ್ನೂ ಬರೆಸಿದೆವು. ಆ ಕಾಯ್ದೆಯ 3ನೇ ಕಲಂ ಆರ್ಥಿಕ ದೌರ್ಜನ್ಯವನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ. ಹೆಂಗಸಿಗೆ ಹಕ್ಕಿನಿಂದ ಸಲ್ಲಬೇಕಾದದ್ದನ್ನು ತಪ್ಪಿಸುವುದು ಅದರೊಳಗೆ ಬರುತ್ತದೆ. ಬೀಗ ಹಾಕಿದ ಕೋಣೆ, ಅತ್ತೆಯ ಖಾತೆಗೆ ಹೋದ 170 ರೂಪಾಯಿ, ಪೆಟ್ಟಿಗೆಯಲ್ಲಿಟ್ಟ ಮಗುವಿನ ಜನನ ಪತ್ರ, ಎಲ್ಲವನ್ನೂ ಬರೆಸಿದೆವು. ವರದಿಯ ಪ್ರತಿ, ಮಗಳು ಮತ್ತು ಮೊಮ್ಮಗು ತನ್ನ ಮನೆಯಲ್ಲೇ ಇದ್ದಾರೆಂದು ತಾಯಿ ಬರೆದುಕೊಟ್ಟ ಪತ್ರ, ಮಗು ಯಾವ ಅಂಗನವಾಡಿಗೆ ಬರುತ್ತಿದೆ ಎಂದು ಟೀಚರು ಕೊಟ್ಟ ಚೀಟಿ, ಇವಿಷ್ಟನ್ನೂ ಸೇರಿಸಿ ತಹಸೀಲ್ದಾರರಿಗೆ ಅರ್ಜಿ ಬರೆದೆವು. ಹೆಸರು ತೆಗೆಯಿರಿ ಎಂಬುದಕ್ಕೆ ಒಂದು, ಸೇರಿಸಿ ಎಂಬುದಕ್ಕೆ ಒಂದು. ಸ್ವೀಕೃತಿಯ ಮುದ್ರೆ ಬೀಳುವವರೆಗೂ ನಾವು ಐದು ಜನ ಹೆಂಗಸರು ಕೌಂಟರಿನ ಮುಂದೆ ನಿಂತಿದ್ದೆವು. ಒಬ್ಬಳೇ ಹೋದಾಗ "ನಾಳೆ ಬಾಮ್ಮ" ಎಂದಿದ್ದವರು ಅವತ್ತು ಕುರ್ಚಿ ತರಿಸಿದರು.

(ಮಗುವಿನ ಮಾತು ಬಂತಲ್ಲ, ಮರೆಯುವ ಮುಂಚೆ ಹೇಳುತ್ತೇನೆ. ಅಂಗನವಾಡಿಯ ಊಟಕ್ಕೆ ಪಡಿತರ ಚೀಟಿ ಬೇಡ. ಆರು ವರ್ಷದವರೆಗಿನ ಯಾವ ಮಗುವಿಗೂ ಅದು ಹಕ್ಕು, ತಾಯಿ ಯಾವ ಊರಿನಿಂದ ಬಂದಿದ್ದರೂ ಸರಿ. ತವರಿಗೆ ಬಂದ ಮಾರನೇ ದಿನವೇ ಮಗುವನ್ನು ಅಲ್ಲಿಗೆ ಸೇರಿಸಿ.)

ಆಮೇಲೂ ಸುಲಭವಾಗಲಿಲ್ಲ. ಆಹಾರ ನಿರೀಕ್ಷಕರು ಸ್ಥಳಕ್ಕೆ ಬರಬೇಕು, ಬಂದ ದಿನ ಇವಳು ಗಾರ್ಮೆಂಟ್ ಕೆಲಸ ಕೇಳಲು ಹೋಗಿದ್ದಳು. ಮತ್ತೆ ಬರುವ ಹೊತ್ತಿಗೆ 2024ರ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಬಂತು, ಏನು ಕೇಳಿದರೂ ಚುನಾವಣೆ ಮುಗಿಯಲಿ ಎಂಬ ಉತ್ತರ. 1967ಕ್ಕೆ ಫೋನು ಮಾಡಿದೆವು. ಅದು ಪಡಿತರದ ದೂರಿಗೆ ಇರುವ ಸಹಾಯವಾಣಿ. ಕಾಯ್ದೆಯ ಪ್ರಕಾರ ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು, ಅವರ ಮೇಲೆ ರಾಜ್ಯ ಆಹಾರ ಆಯೋಗ. ಅಲ್ಲಿಗೂ ಬರೆಯುತ್ತೇವೆ ಎಂದು ಒಂದು ಪತ್ರ ಕೊಟ್ಟ ಮೇಲೆ ಕಡತ ಅಲುಗಾಡಿತು. ಜುಲೈ ಮುಗಿಯುವಾಗ ಹೆಸರು ಅಲ್ಲಿ ಹೋಗಿ ಇಲ್ಲಿ ಬಂತು. 2023ರ ಅಕ್ಟೋಬರಿನಿಂದ ಲೆಕ್ಕ ಹಾಕಿದರೆ ಹತ್ತು ತಿಂಗಳು. ಎರಡು ತಲೆ, ತಲೆಗೆ ಐದು ಕೆಜಿ. ಒಂದು ಕ್ವಿಂಟಾಲ್ ಧಾನ್ಯ. ಅದರ ಮೇಲೆ ರಾಜ್ಯದ ಹಣ ತಿಂಗಳಿಗೆ 340ರಂತೆ 3,400 ರೂಪಾಯಿ. ಮದುವೆಯಲ್ಲಿ ಕೊಟ್ಟ ಬೈಕು, ಓಲೆ, ಸರದ ಪಟ್ಟಿಗೆ ಇದನ್ನೂ ಸೇರಿಸಿ ನ್ಯಾಯಾಲಯಕ್ಕೆ ಕೊಡಿ ಎಂದು ವಕೀಲರಿಗೆ ಹೇಳಿದೆ. ಅವರು ನಕ್ಕರು. ಸೇರಿಸಿದರು.

ತನ್ನದೇ ಚೀಟಿ ಬೇಕೆಂಬುದು ಅವಳ ಆಸೆ. ಅದರಲ್ಲಿ ಅವಳೇ ಯಜಮಾನಿ. ಅದು ಇನ್ನೂ ಆಗಿಲ್ಲ. ಹೊಸ ಬಿಪಿಎಲ್ ಅರ್ಜಿಗಳನ್ನು ಈಚಿನ ವರ್ಷಗಳಲ್ಲಿ ತಿಂಗಳುಗಟ್ಟಲೆ ತೆಗೆದುಕೊಳ್ಳದೇ ಇದ್ದದ್ದು ನಿಮಗೆ ಗೊತ್ತು. ಬಾಗಿಲು ತೆರೆದಾಗಲೂ ನಾಡಕಚೇರಿಯ ಆದಾಯ ಪತ್ರ ಬೇಕು. ಅದರಲ್ಲಿ ಗಂಡನ ಆದಾಯ ಬರೆಯಬೇಕೋ ಅಣ್ಣನದೋ ಎಂದು ಚರ್ಚೆ. ಅವಳದನ್ನು ಬರೆಯಿರಿ ಎಂದು ನಾವು. 2003ರ ಮೇ 2ರಂದು ಸುಪ್ರೀಂ ಕೋರ್ಟು, ಪಿಯುಸಿಎಲ್ ಹೂಡಿದ್ದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ, ಅಂತ್ಯೋದಯ ಚೀಟಿ ಯಾರಿಗೆ ಸಲ್ಲಬೇಕು ಎಂದು ಹೇಳುವಾಗ ನಿಯತವಾದ ಆಸರೆಯಿಲ್ಲದ ವಿಧವೆಯರನ್ನೂ ಒಂಟಿ ಹೆಂಗಸರನ್ನೂ ಎಣಿಸಿತು. ಅರ್ಜಿಯಲ್ಲಿ ಈ ಮಾತನ್ನು ಬರೆಯಿರಿ. ಕೂಡಲೇ ಕೊಡುತ್ತಾರೆ ಎಂದು ನಾನು ಹೇಳುವುದಿಲ್ಲ. ಆದರೆ "ಗಂಡ ಇದ್ದಾನಲ್ಲಮ್ಮ" ಎಂದು ಹೇಳುವವರಿಗೆ ಕೊಡಲು ನಿಮ್ಮ ಕೈಯಲ್ಲಿ ಒಂದು ಉತ್ತರ ಇರುತ್ತದೆ.

ಇನ್ನೊಂದು ಮಾತು, ಸ್ವಲ್ಪ ಕಹಿಯಾದದ್ದು. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಬಹಳ ಜನ ಚೀಟಿಯ ಯಜಮಾನಿಯರು. ನಿಮ್ಮ ಸೊಸೆ ಮನೆ ಬಿಟ್ಟು ಹೋಗಿದ್ದರೆ, ತಪ್ಪು ಯಾರದೇ ಇರಲಿ, ಅವಳ ಮತ್ತು ಮಕ್ಕಳ ಹೆಸರು ನಿಮ್ಮ ಚೀಟಿಯಲ್ಲಿ ಇನ್ನೂ ಇದೆಯೇ? ಆ ಅಕ್ಕಿ ಇವತ್ತು ಯಾರ ಮನೆಯಲ್ಲಿ ಬೇಯುತ್ತಿದೆ? ಮಗನ ಜಗಳ ಮಗನದು, ನಿಮ್ಮ ಮೊಮ್ಮಗುವಿನ ಐದು ಕೆಜಿ ನಿಮ್ಮದಲ್ಲ. ಯಾರೂ ಈಗ ಕೈ ಎತ್ತಬೇಕಾಗಿಲ್ಲ. ಹೆಸರು ತೆಗೆಸುವ ಅರ್ಜಿಗೆ ನೀವೇ ಹೋಗಿ ಥಂಬ್ ಕೊಟ್ಟರೆ ಹತ್ತು ತಿಂಗಳ ಅಲೆದಾಟ ತಪ್ಪುತ್ತದೆ.

ಊಟದ ಕರೆ ಬಂದಿದೆ, ನಿಲ್ಲಿಸುತ್ತೇನೆ. ಊಟವಾದ ಮೇಲೆ ಆ ಕಿಟಕಿಯ ಪಕ್ಕದ ಮೇಜಿನ ಹತ್ತಿರ ಕುಳಿತಿರುತ್ತೇನೆ. ಬಿಳಿ ಹಾಳೆ, ಕಾರ್ಬನ್ ಎರಡೂ ತಂದಿದ್ದೇನೆ. ಆಧಾರ್ ತಂದವರು ಬನ್ನಿ. ಚೀಟಿ ಸಂಖ್ಯೆ ಗೊತ್ತಿಲ್ಲದವರೂ ಬನ್ನಿ. ನಾನು ಹೇಳಿದ ಹುಡುಗಿಯೂ ಇಲ್ಲೇ ಇದ್ದಾಳೆ, ನಿಮ್ಮ ನಡುವೆ. ಅವಳ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಅರ್ಜಿ ಅವಳೇ ಬರೆದುಕೊಡುತ್ತಾಳೆ.