ಕಿಡಿ ತಪ್ಪಿದ ಎಂಜಿನು



ಮನುಷ್ಯರಿಗೆ ಬರುವ ಕಾಯಿಲೆಗಳಂತೆ ಯಂತ್ರಗಳಿಗೆ ಬರುವ ಕಾಯಿಲೆಗಳಲ್ಲಿಯೂ ಎರಡು ಬಗೆಯುಂಟು. ಒಂದು, ಹಗಲಿರುಳೂ ಬಿಡದೆ ಇರುವುದು. ಇನ್ನೊಂದು, ವೈದ್ಯನ ಬಾಗಿಲನ್ನು ತುಳಿದೊಡನೆ ಮಾಯವಾಗಿ, ಮನೆಗೆ ಹಿಂದಿರುಗಿದೊಡನೆ ಮರುಕಳಿಸುವುದು. ಮೊದಲನೆಯದಕ್ಕೆ ಮದ್ದು ಹುಡುಕುವುದು ಅಷ್ಟು ಕಷ್ಟವಲ್ಲ. ಎರಡನೆಯದು ವೈದ್ಯನ ತಾಳ್ಮೆಯನ್ನೇ ಪರೀಕ್ಷಿಸುತ್ತದೆ. ಈ ಎರಡನೆಯ ಬಗೆಯ ಕಾಯಿಲೆ ಹಿಡಿದಿದ್ದ ಒಂದು ಮೋಟಾರು ಕಾರಿನ ವೃತ್ತಾಂತವನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇವೆ.

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿಯು ಅರಬ್ಬೀ ಸಮುದ್ರವನ್ನು ಸೇರುವೆಡೆಯಲ್ಲಿ, ತದಡಿಯೆಂಬ ಮೀನುಗಾರರ ಬಂದರಿದೆ. ಆಚೆಯ ದಡದಲ್ಲಿ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಗ್ರಾಮ. ಈಚೆಗೆ ಸಾಣಿಕಟ್ಟಾದ ಉಪ್ಪಿನ ಆಗರಗಳು. ಅದಕ್ಕೂ ಆಚೆ ಗೋಕರ್ಣ ಕ್ಷೇತ್ರ. ಇಲ್ಲಿ ಬೀಸುವ ಗಾಳಿಯಲ್ಲಿಯೇ ಉಪ್ಪಿದೆ. ಕಿಟಕಿಯ ಸರಳು, ಬಾಗಿಲ ಬೀಗ, ಬೈಸಿಕಲ್ಲಿನ ಸರಪಳಿ, ಎಲ್ಲವೂ ಈ ಮಾತಿಗೆ ಸಾಕ್ಷಿ ನುಡಿಯುತ್ತವೆ.

ಕೆಲವು ವರ್ಷಗಳ ಹಿಂದೆ ಅಲ್ಲಿನ ಹಿರಿಯರೊಬ್ಬರು ನಾಲ್ಕು ಸಿಲಿಂಡರುಗಳ ಹಳೆಯ ಪೆಟ್ರೋಲು ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಕೇರಿಯವರಿಗೆ ಅದೊಂದೇ ಆಸರೆ. ಮಳೆಗಾಲದಲ್ಲಿ ಅದರ ಎಂಜಿನು ಮುಗ್ಗರಿಸತೊಡಗಿತು. ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ, ಮಿಸ್ಸಿಂಗ್ ಹೊಡೆಯತೊಡಗಿತು. ಮಳೆಯ ನೀರಿನಿಂದ ಹೀಗಾಗಿದೆಯೆಂದು ಎಲ್ಲರೂ ಸುಮ್ಮನಾದರು. ದೀಪಾವಳಿ ಕಳೆಯಿತು, ಮಳೆ ನಿಂತಿತು, ಮಿಸ್ಸಿಂಗು ಮಾತ್ರ ನಿಲ್ಲಲಿಲ್ಲ. ಒಂದು ಬೆಳಗಿನ ಜಾವ ಹೆರಿಗೆಯ ನೋವೆದ್ದ ಹೆಂಗಸೊಬ್ಬಳನ್ನು ಕುಮಟೆಗೆ ಕರೆದೊಯ್ಯುತ್ತಿದ್ದಾಗ, ಊರು ಬಿಟ್ಟು ಎರಡು ಕಿಲೋಮೀಟರು ಹೋಗುವುದರೊಳಗೆ ಗಾಡಿ ಪಟಪಟನೆ ಸಿಡಿದು, ಜಗ್ಗಿ, ನಿಂತುಬಿಟ್ಟಿತು. ಹಿಂದಿನಿಂದ ಬಂದ ಮೀನಿನ ಲಾರಿಯವರು ಆಕೆಯನ್ನು ಮುಟ್ಟಿಸಿದರು. ತಾಯಿಯೂ ಮಗುವೂ ಕ್ಷೇಮವಾದರು. ಆದರೆ ಅಂದಿನಿಂದ ಆ ಹಿರಿಯರು ರಾತ್ರಿಯ ಹೊತ್ತು ಯಾರನ್ನೂ ಕೂರಿಸಿಕೊಳ್ಳಲು ಒಪ್ಪಲಿಲ್ಲ. ಗಾಡಿಯನ್ನು ಗುಜರಿಗೆ ಹಾಕುವ ಮಾತನ್ನೂ ಆಡಿದರು. ನಾವು ಭೌತವಿಜ್ಞಾನದ ಪಾಠ ಹೇಳುವವರೇ ಹೊರತು ಮೇಸ್ತ್ರಿಗಳಲ್ಲ. ಆದರೂ ಪರಿಚಯದ ಸಲಿಗೆಯಿಂದ, ಒಂದು ವಾರ ತಾಳಿರೆಂದು ಕೇಳಿಕೊಂಡೆವು.

ಆ ವೇಳೆಗಾಗಲೇ ಚಿಕಿತ್ಸೆ ಧಾರಾಳವಾಗಿಯೇ ನಡೆದಿತ್ತು. ಪ್ಲಗ್ಗುಗಳು ಹೊಸವು, ತಂತಿಗಳು ಹೊಸವು, ಕಾಯಿಲು, ಕಂಡೆನ್ಸರು, ಪಾಯಿಂಟುಗಳು ಹೊಸವು, ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಿ ತೊಳೆದದ್ದಾಗಿತ್ತು. “ಎಲ್ಲಾ ಹೊಸತು ಹಾಕಿ ಆಯ್ತು ಮಾಸ್ತರೆ. ಇನ್ನು ಈ ಗಾಡಿಯಲ್ಲಿ ಹಳತು ಅಂತ ಉಳಿದವ ನಾನೊಬ್ಬನೆ,” ಎಂದು ಆ ಹಿರಿಯರು ನಕ್ಕರು. ನಗುವಿನ ಹಿಂದೆ ಕಳೆದುಕೊಂಡ ಹಣದ ಚಿಂತೆಯಿತ್ತು. ಗ್ಯಾರೇಜಿನವರದ್ದೂ ತಪ್ಪೆನ್ನುವಂತಿಲ್ಲ. ಹೊತ್ತೇರಿದ ಮೇಲೆ ಗಾಡಿ ಅವರ ಬಳಿಗೆ ಹೋದಾಗ ಎಂಜಿನು ಗಡಿಯಾರದಂತೆ ನಡೆಯುತ್ತಿತ್ತು. ಶಿರಸಿಯ ದಾರಿಯ ದೇವಿಮನೆ ಘಟ್ಟವನ್ನು ಹತ್ತಿಸಿ ನೋಡಿದರೂ ಒಂದು ಹೆಜ್ಜೆ ತಪ್ಪಲಿಲ್ಲ.

ಎಂಜಿನು ಹೆಜ್ಜೆ ತಪ್ಪುವುದೆಂದರೇನು? ಪ್ರತಿಯೊಂದು ಸಿಲಿಂಡರಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಒತ್ತಲ್ಪಟ್ಟು, ಪ್ಲಗ್ಗಿನ ಕಿಡಿಯಿಂದ ಹೊತ್ತಿಕೊಂಡು, ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಮಿಶ್ರಣ, ಒತ್ತಡ, ಕಿಡಿ, ಈ ಮೂರರಲ್ಲಿ ಒಂದು ಕೈಕೊಟ್ಟರೂ ಆ ನೂಕು ಇಲ್ಲವಾಗುತ್ತದೆ. ಎಂಜಿನು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿಗೂ ನಿಮಿಷಕ್ಕೆ ೧೫೦೦ ಕಿಡಿಗಳು ಬೇಕು. ನಾಲ್ಕಕ್ಕೂ ಸೇರಿ ಸೆಕೆಂಡಿಗೆ ನೂರು. ೧೮೩೧ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಪ್ರೇರಣೆಯ ನಿಯಮವನ್ನನುಸರಿಸಿ, ಬ್ಯಾಟರಿಯ ೧೨ ವೋಲ್ಟು ಕಾಯಿಲಿನಲ್ಲಿ ಹದಿನೈದು ಇಪ್ಪತ್ತು ಸಾವಿರ ವೋಲ್ಟುಗಳಿಗೆ ಏರುತ್ತದೆ. ಈ ವಿದ್ಯುತ್ತನ್ನು ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೆ ಹಂಚಿಕೊಡುವ ಪಾರುಪತ್ಯ ಡಿಸ್ಟ್ರಿಬ್ಯೂಟರಿನದು. ಅದರ ತಲೆಯ ಮೇಲೊಂದು ಮುಚ್ಚಳ; ಮುಚ್ಚಳದ ಸುತ್ತ ನಾಲ್ಕು ಗೂಡುಗಳು; ಒಂದೊಂದು ಗೂಡಿನಿಂದ ಒಂದೊಂದು ಪ್ಲಗ್ಗಿಗೆ ತಂತಿ.

ನಾವು ಮಾಡಿದ ಮೊದಲನೆಯ ಕೆಲಸ ಉಪಕರಣಗಳನ್ನು ಕೆಳಗಿಟ್ಟು ಒಂದು ನೋಟುಪುಸ್ತಕ ಹಿಡಿದದ್ದು. ಆರು ದಿನ, ಗಾಡಿ ಯಾವ ಹೊತ್ತಿನಲ್ಲಿ, ಎಲ್ಲಿ, ಹೇಗೆ ಮುಗ್ಗರಿಸಿತೆಂದು ಬರೆದುಕೊಂಡೆವು. ಬೆಳಗಿನ ಜಾವ ತದಡಿಯಿಂದ ಹೊರಟರೆ ತಪ್ಪದೆ ಮಿಸ್ಸಿಂಗು. ದೀವಗಿಯ ಸೇತುವೆ ದಾಟುವ ವೇಳೆಗೆ ತಾನಾಗಿಯೇ ವಾಸಿ. ಮಧ್ಯಾಹ್ನ ಹೊರಟರೆ ಏನೂ ಇಲ್ಲ. ಬೆಳಗ್ಗೆಯೂ ಎಂಜಿನು ನಿಂತಲ್ಲೇ ತಿರುಗುವಾಗ ಅಲ್ಪ, ಭಾರವೆಳೆಯುವಾಗ ಅತಿ. ನಡುವೆ ಒಂದು ರಾತ್ರಿ ಗಾಡಿಯನ್ನು ಬಂದರಿನಿಂದ ದೂರ ಒಳನಾಡಿನಲ್ಲಿ, ಮನೆಯೊಳಗಿನ ಒಣ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರು. ಮರುದಿನ ನಸುಕಿನಲ್ಲಿ ಹೊರಟರೂ ಅದು ನೆಟ್ಟಗೆ ನಡೆಯಿತು. ಹೀಗೆ ಕಾಯಿಲೆಯು ಗಾಡಿಯಲ್ಲಿ ಎಷ್ಟಿತ್ತೋ ತದಡಿಯ ಬೆಳಗಿನ ಗಾಳಿಯಲ್ಲಿಯೂ ಅಷ್ಟೇ ಇತ್ತೆಂಬುದು ಕಾಗದದ ಮೇಲೆ ಕಂಡಿತು.

ಎರಡನೆಯದು, ತಪ್ಪಿತಸ್ಥ ಸಿಲಿಂಡರು ಯಾವುದೆಂಬ ವಿಚಾರಣೆ. ಬಂದರಿನ ಮೇಸ್ತ್ರಿಗಳಿಗೆ ಇದಕ್ಕೊಂದು ಹಳೆಯ ಉಪಾಯ ಗೊತ್ತು. ಡೀಸೆಲ್ ಬೋಟಿನ ಎಂಜಿನಿನಲ್ಲಿ ಎಣ್ಣೆಯ ಕೊಳವೆಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಕಿವಿಗೊಟ್ಟು ಕೇಳುತ್ತಾರೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗದೋ ಅದೇ ಕೆಲಸಗಳ್ಳ. ಪೆಟ್ರೋಲು ಎಂಜಿನಿನಲ್ಲಿ ನಟ್ಟಿನ ಬದಲು ಪ್ಲಗ್ಗಿನ ತಂತಿಯನ್ನು ಕಳಚಬೇಕು. ರಬ್ಬರು ಹಿಡಿಯ ಇಕ್ಕಳವಿಲ್ಲದೆ ಯಾರೂ ಅದಕ್ಕೆ ಕೈಹಾಕಬಾರದು. ಹೀಗೆ ನೋಡಲಾಗಿ ಒಂದು ಮತ್ತು ಎರಡನೆಯ ಸಿಲಿಂಡರುಗಳು ನಿರ್ದೋಷಿಗಳು. ಮೂರನೆಯದೂ ನಾಲ್ಕನೆಯದೂ ಒಮ್ಮೆ ಇದು, ಒಮ್ಮೆ ಅದು ಎಂಬಂತೆ ತಪ್ಪುತ್ತಿದ್ದವು. ಕಾರ್ಬ್ಯುರೇಟರು ಕೆಟ್ಟಿದ್ದರೆ, ಅಥವಾ ಕಾಯಿಲು ಕೆಟ್ಟಿದ್ದರೆ, ನಾಲ್ಕೂ ನರಳಬೇಕಾಗಿತ್ತು. ಒಂದು ಪ್ಲಗ್ಗು ಕೆಟ್ಟಿದ್ದರೆ ಒಂದೇ ಸಿಲಿಂಡರು ನರಳಬೇಕಾಗಿತ್ತು. ಎರಡು ಮಾತ್ರ, ಅದರಲ್ಲಿಯೂ ನೆರೆಹೊರೆಯ ಎರಡು, ಏಕೆ?

ಒಬ್ಬ ಮೇಸ್ತ್ರಿ ಹೇಳಿದ ಕಾರಣ ಮೇಲುನೋಟಕ್ಕೆ ಸಯುಕ್ತಿಕವಾಗಿತ್ತು: ಎರಡು ಸಿಲಿಂಡರುಗಳ ನಡುವಣ ಗ್ಯಾಸ್ಕೆಟ್ಟು ಸುಟ್ಟಿರಬೇಕು, ಎಂಜಿನಿನ ತಲೆಯನ್ನೇ ಬಿಚ್ಚಬೇಕು. ದೊಡ್ಡ ಖರ್ಚಿನ ಕೆಲಸ. ಅದಕ್ಕೆ ಮೊದಲು ಒತ್ತಡದ ಮಾಪಕವನ್ನು ಇಟ್ಟು ಅಳೆದೆವು. ನಾಲ್ಕರಲ್ಲಿಯೂ ಒತ್ತಡ ಸಮನಾಗಿತ್ತು. ಗ್ಯಾಸ್ಕೆಟ್ಟಿನ ಮೇಲಿನ ಆರೋಪ ಬಿದ್ದುಹೋಯಿತು.

ಆಗ ಎಂಜಿನಿನ ಸರದಿಯ ಕ್ರಮ ನೆನಪಿಗೆ ಬಂದಿತು. ಆ ಎಂಜಿನಿನಲ್ಲಿ ಕಿಡಿ ಹಾರುವ ಕ್ರಮ ೧, ೩, ೪, ೨. ಮೂರು ಮತ್ತು ನಾಲ್ಕು ಎಂಜಿನಿನಲ್ಲಿ ಮಾತ್ರವೇ ನೆರೆಯವರಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿಯೂ ಅವುಗಳ ಗೂಡುಗಳು ಅಕ್ಕಪಕ್ಕ. ಎಲ್ಲವನ್ನೂ ಬದಲಾಯಿಸಿದವರು ಆ ಮುಚ್ಚಳವನ್ನು ಮಾತ್ರ ಬದಲಾಯಿಸಿರಲಿಲ್ಲ. ಕಾರಣ, ಅದು ಹಿಂದಿನ ವರ್ಷವೇ ಹೊಸದಾಗಿ ಹಾಕಿದ್ದು. ಹೊಸದೆಂಬ ಒಂದು ಮಾತು ಅದನ್ನು ಎಲ್ಲ ವಿಚಾರಣೆಯಿಂದಲೂ ಪಾರುಮಾಡಿತ್ತು.

ಮರುದಿನ ಬೆಳಕು ಹರಿಯುವ ಮೊದಲೇ ಬಂದರಿನ ಬಳಿ ದೀಪಗಳನ್ನಾರಿಸಿ, ಬಾನೆಟ್ಟನ್ನೆತ್ತಿ, ಗಾಡಿಯನ್ನು ಚಾಲೂ ಮಾಡಿಸಿದೆವು. ಕತ್ತಲಲ್ಲಿ ಕಣ್ಣು ಹೊಂದಿಕೊಂಡ ಮೇಲೆ ಕಂಡದ್ದು ಇಷ್ಟು: ಎಂಜಿನಿನ ವೇಗವನ್ನು ಥಟ್ಟನೆ ಏರಿಸಿದಾಗಲೆಲ್ಲ ಮೂರನೆಯ ಗೂಡಿನಿಂದ ನಾಲ್ಕನೆಯ ಗೂಡಿಗೆ ಮುಚ್ಚಳದ ಮೈಮೇಲೆ ನೀಲಿಯ ಎಳೆಯೊಂದು ಹಾವಿನ ಮರಿಯಂತೆ ಹರಿದು ಮಾಯವಾಗುತ್ತಿತ್ತು. ಆ ಹಿರಿಯರು ಮಾತನಾಡಲಿಲ್ಲ. ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು.

ವಿದ್ಯುತ್ತಿಗೆ ಸುಲಭವಾದ ದಾರಿ ಬೇಕು. ಮೂರನೆಯ ಸಿಲಿಂಡರಿನ ಸರದಿ ಬಂದಾಗ ಅಲ್ಲಿ ಒತ್ತಡ ಅತ್ಯಧಿಕ. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ. ಅದೇ ಕ್ಷಣದಲ್ಲಿ ನಾಲ್ಕನೆಯ ಸಿಲಿಂಡರು ಮಿಶ್ರಣವನ್ನು ಆಗಷ್ಟೇ ಒಳಗೆಳೆದುಕೊಂಡಿರುತ್ತದೆ, ಅಲ್ಲಿ ಒತ್ತಡವಿಲ್ಲ. ನಡುವೆ ಕಳ್ಳದಾರಿಯೊಂದು ಸಿಕ್ಕಿದರೆ ಕಿಡಿ ಮೂರನ್ನು ಬಿಟ್ಟು ನಾಲ್ಕಕ್ಕೆ ಓಡುತ್ತದೆ. ಮೂರು ಹಸಿದಿರುತ್ತದೆ; ನಾಲ್ಕು ಹೊತ್ತಿಗೆ ಮೊದಲೇ ಹೊತ್ತಿಕೊಂಡು ಕಾರ್ಬ್ಯುರೇಟರಿನ ಕಡೆಗೆ ಸಿಡಿಯುತ್ತದೆ. ಭಾರವೆಳೆಯುವಾಗ ಸಿಲಿಂಡರಿನ ಒತ್ತಡ ಇನ್ನೂ ಹೆಚ್ಚುವುದರಿಂದ ಮಿಸ್ಸಿಂಗೂ ಹೆಚ್ಚುತ್ತದೆ. ನೋಟುಪುಸ್ತಕದ ಒಂದೊಂದು ಸಾಲಿಗೂ ಇಲ್ಲಿ ಉತ್ತರವಿತ್ತು.

ಇನ್ನು ಆ ಕಳ್ಳದಾರಿ. ಮುಚ್ಚಳವನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ, ಎರಡು ಗೂಡುಗಳಿಂದಲೂ ಸೀಸದಕಡ್ಡಿಯಿಂದ ಗೀರಿದಂಥ ಕಪ್ಪು ಗೆರೆಗಳು ಹೊರಟು, ನಡುವೆ ಭತ್ತದ ಕಾಳಿನಷ್ಟು ಎಡೆ ಬಿಟ್ಟು ನಿಂತಿದ್ದವು. ಅವು ಸುಟ್ಟು ಇಂಗಾಲವಾದ ಮುಚ್ಚಳದ ಮೈ. ನಡುವಣ ಎಡೆಯಲ್ಲಿ ಮಂಜಿನಂತೆ ತೆಳ್ಳಗೆ ಉಪ್ಪು ಕೂತಿತ್ತು. ಒಣಗಿದ ಉಪ್ಪಿನಲ್ಲಿ ವಿದ್ಯುತ್ತು ಹರಿಯದು. ಆದರೆ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ ೭೫ನ್ನು ದಾಟಿದರೆ ಶುದ್ಧವಾದ ಅಡಿಗೆಯ ಉಪ್ಪು ಸಹ ತೇವವನ್ನು ಹೀರಿ ನೀರೊಡೆಯುತ್ತದೆ. ಕಡಲಿನ ಉಪ್ಪಿನಲ್ಲಿ ಮೆಗ್ನೀಸಿಯಮ್ಮಿನ ಲವಣಗಳೂ ಇರುವುದರಿಂದ ಅದು ಇನ್ನೂ ಮೊದಲೇ ಒದ್ದೆಯಾಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯ ಮುಚ್ಚಳ ತೆಗೆದ ಯಾವ ಗೃಹಿಣಿಗೂ ಇದು ಹೊಸ ಸಂಗತಿಯಲ್ಲ. ರಾತ್ರಿಯ ತೇವದಲ್ಲಿ ಒದ್ದೆಯಾಗುವುದು, ಎಂಜಿನಿನ ಶಾಖಕ್ಕೆ ದೀವಗಿಯ ವೇಳೆಗೆ ಒಣಗುವುದು: ಕಾಯಿಲೆಯ ಗುಟ್ಟು ಇಷ್ಟೇ.

ಆದರೂ ನಮಗೆ ಪೂರ್ತಿ ಸಮಾಧಾನವಾಗಲಿಲ್ಲ. ದೋಷವನ್ನು ತೆಗೆದಾಗ ಕಾಯಿಲೆ ಹೋದರೆ ಸಾಲದು. ಅದೇ ದೋಷವನ್ನು ಮರಳಿ ಇಟ್ಟಾಗ ಕಾಯಿಲೆ ಮರಳಿ ಬರಬೇಕು. ಆಗಲೇ ಕಾರಣವು ಸಿದ್ಧವಾಯಿತೆನ್ನಬಹುದು. ಮುಚ್ಚಳವನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ ಹಾಕಿದೆವು. ಎರಡು ಬೆಳಗು ಗಾಡಿ ನಿರಾತಂಕವಾಗಿ ನಡೆಯಿತು. ಮೂರನೆಯ ಸಂಜೆ ಬಂದರಿನ ಉಪ್ಪುನೀರಿನ ಒಂದು ಹನಿಯನ್ನು ಆ ಎಡೆಯಲ್ಲಿ ಸವರಿ ಆರಬಿಟ್ಟೆವು. ಮರುದಿನ ನಸುಕಿನಲ್ಲಿ ಮಿಸ್ಸಿಂಗು ಹಳೆಯ ನೆಂಟನಂತೆ ಹಾಜರಾಯಿತು.

ಹೊಸ ಮುಚ್ಚಳ ತಂದದ್ದಾಯಿತು. ಆದರೆ ಉಪ್ಪು ಅಲ್ಲಿಗೆ ಬಂದದ್ದು ಹೇಗೆ? ಡಿಸ್ಟ್ರಿಬ್ಯೂಟರಿನ ಮೇಲೆ ರಬ್ಬರಿನ ಮುಸುಕೊಂದು ಇರಬೇಕಾಗಿತ್ತು. ಯಾವುದೋ ರಿಪೇರಿಯಲ್ಲಿ ಅದನ್ನು ತೆಗೆದವರು ಮರಳಿ ಹಾಕಿರಲಿಲ್ಲ. ಗಾಡಿ ರಾತ್ರಿಯೆಲ್ಲ ಕಡಲ ಗಾಳಿಗೆ ಮೂತಿಯಿಟ್ಟು ನಿಲ್ಲುತ್ತಿತ್ತು. ಮುಸುಕನ್ನು ಹಾಕಿಸಿ, ಗಾಡಿಯನ್ನು ಹಿಂದುಮುಂದಾಗಿ ನಿಲ್ಲಿಸುವ ಪರಿಪಾಠ ಮಾಡಿಸಿದೆವು. ಇದನ್ನು ಮಾಡದೆ ಮುಚ್ಚಳವೊಂದನ್ನೇ ಬದಲಾಯಿಸಿದ್ದರೆ ಮುಂದಿನ ವರ್ಷ ಅದೇ ಕಥೆ.

ಇಂದಿನ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರು ಇಲ್ಲ. ಬಹುಮಟ್ಟಿಗೆ ಒಂದೊಂದು ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲು. ಹೆಜ್ಜೆ ತಪ್ಪಿದ ಸಿಲಿಂಡರು ಯಾವುದೆಂದು ಗಾಡಿಯ ಗಣಕಯಂತ್ರವೇ ಸಂಕೇತ ಬರೆದಿಡುತ್ತದೆ. ಮೂರನೆಯದಾದರೆ ‘ಪಿ ೦೩೦೩’ ಎಂದು. ಆದರೆ ಆ ಸಂಕೇತ ತಪ್ಪು ನಡೆದ ಮನೆಯನ್ನು ತೋರಿಸುತ್ತದೆಯೇ ಹೊರತು ತಪ್ಪಿನ ಕಾರಣವನ್ನಲ್ಲ. ಮನೆಯ ಬಾಗಿಲಿನಿಂದ ಕಾರಣದವರೆಗಿನ ದಾರಿಯನ್ನು ಇಂದಿಗೂ ಮನುಷ್ಯನೇ ನಡೆಯಬೇಕು: ಕಾಯಿಲೆಯನ್ನು ಅದು ಇರುವ ಹೊತ್ತಿನಲ್ಲಿ, ಇರುವ ಸ್ಥಳದಲ್ಲಿ ನೋಡುತ್ತ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತ, ಹೊಸದೆಂದು ಯಾವುದಕ್ಕೂ ಮಾಫಿ ಕೊಡದೆ.

ಆ ಹಿರಿಯರು ಗಾಡಿಯನ್ನು ಗುಜರಿಗೆ ಹಾಕಲಿಲ್ಲ. ಹದಿನೈದು ದಿನಗಳ ತರುವಾಯ, ಒಂದು ರಾತ್ರಿ ಎರಡು ಗಂಟೆಗೆ ಅವರ ಬಾಗಿಲು ಬಡಿದವರಿಗೆ ಅವರು ಇಲ್ಲವೆನ್ನಲಿಲ್ಲವೆಂದು ಕೇಳಿ ಸಂತೋಷಪಟ್ಟೆವು.